ಬೆಳ್ಳಿ ಬಣ್ಣದ ಕಾರಿಗೆ ಟಚ್-ಅಪ್ ಬಾಟಲಿ: ಎರಡೂವರೆ ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ಬೆಳ್ಳಿ ಬಣ್ಣದ ಕಾರಾಗಿದ್ದು, ಗೀರು ಬಿದ್ದ ಜಾಗ ಗೊತ್ತೇ ಆಗಬಾರದು ಅನ್ನೋ ಆಸೆ ಇದ್ದರೆ, ಗೀರಿಗೆ ನಾವೇ ಹಚ್ಚಿಕೊಳ್ಳುವ ಈ ಪುಟ್ಟ ಬಣ್ಣದ ಬಾಟಲಿಯನ್ನು ತೆಗೆದುಕೊಳ್ಳಬೇಡಿ. ಗೊತ್ತಾಗುತ್ತದೆ. ಚೆನ್ನಾಗಿಯೇ ಗೊತ್ತಾಗುತ್ತದೆ. ಮೊದಲ ಸಲ ಹಚ್ಚಿ, ಒಣಗಿಸಿ, ಹೆಮ್ಮೆಯಿಂದ ತೋರಿಸಿದಾಗ ನಮ್ಮ ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಕಾರಿಗೆ ವಿಭೂತಿ ಇಟ್ಟಿದ್ದೀಯಾ?" ಎಂದರು. ಅವತ್ತಿನ ಸಿಟ್ಟಿನಲ್ಲಿ ಬರೆದಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ. ಬರೆಯಲಿಲ್ಲ. ಈಗ ಒಂದು ಬಾಟಲಿ ಒಣಗಿ ಹೋಗಿ ಎರಡನೆಯದು ನಡೆಯುತ್ತಿದೆ.

ನಾವಿರುವುದು ಬೆಂಗಳೂರಿನ ಹನುಮಂತನಗರದ ಕಡೆ, ಬಾಡಿಗೆ ಮನೆ. 30-40 ಸೈಟಿನಲ್ಲಿ ಮೂರು ಮಹಡಿ. ಕೆಳಗಿನ ಜಾಗ ಓನರ್ ಕಾರಿಗೆ ಮತ್ತು ನಾಲ್ಕು ಸ್ಕೂಟರ್‌ಗೆ ಸರಿಹೋಗುತ್ತದೆ. ನಮ್ಮ ವ್ಯಾಗನ್ಆರ್‌ಗೆ ರಸ್ತೆಯೇ ಗತಿ. ಅದೇ ರಸ್ತೆಯಲ್ಲಿ ಬೆಳಗ್ಗೆ ಕಸದ ಆಟೋ, ಹತ್ತಕ್ಕೆ ಸಿಲಿಂಡರ್ ಗಾಡಿ, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್, ಸಂಜೆ ಮಕ್ಕಳ ಕ್ರಿಕೆಟ್. ಕನ್ನಡಿ ಮಡಚಿ, ಚಕ್ರ ಚರಂಡಿ ಚಪ್ಪಡಿಗೆ ತಾಗಿಸಿ ನಿಲ್ಲಿಸಿದರೂ ತಪ್ಪಿದ್ದಲ್ಲ. ಒಂದು ವಿಷಯ ನಾನು ಎಲ್ಲರ ಮುಂದೆ ಹೇಳಿಕೊಳ್ಳುತ್ತೇನೆ: ಏಳು ವರ್ಷದಲ್ಲಿ ನಾನು ಓಡಿಸುವಾಗ ಬಿದ್ದ ಗೀರು ಒಂದೂ ಇಲ್ಲ. ಎಲ್ಲ ನಿಂತಲ್ಲೇ ಬಿದ್ದದ್ದು.

ದೊಡ್ಡದು ಬಿದ್ದದ್ದು ಒಂದು ಸೋಮವಾರ. ಬ್ಯಾಂಕಿಗೆ ಹೊರಟು ಕೆಳಗಿಳಿದರೆ ಎಡಗಡೆ ಹಿಂದಿನ ಡೋರಿನಲ್ಲಿ, ಹಿಡಿಯ ಕೆಳಗೆ, ಒಂದು ಗೇಣು ಉದ್ದದ ಗೀರು. ಅದರೊಳಗೆ ಹಸಿರು ಬಣ್ಣ ಮೆತ್ತಿಕೊಂಡಿತ್ತು. ನಮ್ಮೂರಲ್ಲಿ ಆ ಹಸಿರು ಯಾವ ಗಾಡಿಯದ್ದು ಅಂತ ಯಾರನ್ನೂ ಕೇಳಬೇಕಿಲ್ಲ. ಚೀಟಿ, ಫೋನ್ ನಂಬರ್ ಏನೂ ಇಲ್ಲ, ಬಿಡಿ, ಯಾರು ಇಟ್ಟುಹೋಗುತ್ತಾರೆ?

ಭಾನುವಾರ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಹಳೇ ಬನಿಯನ್ ಬಟ್ಟೆಯಲ್ಲಿ ಉಜ್ಜಿದೆ. ಹಸಿರೆಲ್ಲ ಬಟ್ಟೆಗೆ ಬಂತು. ಗೇಣುದ್ದದ್ದು ಮೂರು ಬೆರಳಷ್ಟಾಯಿತು. ಇದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ನೋಡಲು ಗಾಯದಂತೆ ಕಾಣುವುದರಲ್ಲಿ ಅರ್ಧ ನಮ್ಮ ಕಾರಿನ ಬಣ್ಣ ಹೋಗಿದ್ದಲ್ಲ, ಅವರ ಗಾಡಿಯ ಬಣ್ಣ ಬಂದು ಕೂತದ್ದು. ಉಳಿದದ್ದರ ಮೇಲೆ ಉಗುರು ಅಡ್ಡ ಎಳೆದು ನೋಡಬೇಕು. ಉಗುರು ಜಾರಿಹೋದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಮಾತ್ರ ತರಚಿದೆ, ಪಾಲಿಷ್‌ಗೆ ಹೋಗುತ್ತದೆ. ಸಿಕ್ಕಿಕೊಂಡರೆ ಒಳಗೆ ಇಳಿದಿದೆ. ನನ್ನ ಉಗುರು ಸಿಕ್ಕಿಕೊಂಡಿತು. ನಡುವೆ ಅಕ್ಕಿ ಕಾಳಿನಷ್ಟು ಜಾಗದಲ್ಲಿ ತಗಡೇ ಕಾಣುತ್ತಿತ್ತು. (ಟೂತ್‌ಪೇಸ್ಟ್ ಹಚ್ಚಿ ಅನ್ನುವವರಿಗೆ ದೊಡ್ಡ ನಮಸ್ಕಾರ. ಅದರಲ್ಲಿರುವ ನುಣುಪು ಪುಡಿ ಕಲೆ ತೆಗೆದೀತು, ಗುಂಡಿ ತುಂಬುವುದಿಲ್ಲ.)

ಸರ್ವಿಸ್ ಸೆಂಟರಿನಲ್ಲಿ ಕೇಳಿದೆ. ಮೂರು ಬೆರಳಿನ ಗೀರಿಗೂ ಪೂರ್ತಿ ಡೋರೇ ಬಣ್ಣ ಆಗಬೇಕಂತೆ, ಎಲ್ಲ ಸೇರಿ ₹4,500. "ಇನ್ಶೂರೆನ್ಸ್ ಇದೆಯಲ್ಲ ಮೇಡಂ, ಕ್ಲೇಮ್ ಹಾಕಿಬಿಡೋಣ" ಅಂದರು, ತೀರ್ಥ ಕೊಟ್ಟಷ್ಟು ಸಲೀಸಾಗಿ. ನಾನು ಬ್ಯಾಂಕಿನವಳು. ಅಲ್ಲೇ ಕೂತು ಅವರ ಎಸ್ಟಿಮೇಟ್ ಹಿಂದೆಯೇ ಲೆಕ್ಕ ಹಾಕಿದೆ.

ನನ್ನದು ಐದು ವರ್ಷ ಕ್ಲೇಮ್ ಇಲ್ಲದ ಪಾಲಿಸಿ, 50% ನೋ ಕ್ಲೇಮ್ ಬೋನಸ್, ಅಂದರೆ ನಮ್ಮದೇ ಕಾರಿನ ಹಾನಿಗೆ ಕಟ್ಟುವ ಪ್ರೀಮಿಯಂನಲ್ಲಿ ಅರ್ಧ ರಿಯಾಯಿತಿ. ಸವಕಳಿ (ಡಿಪ್ರಿಸಿಯೇಷನ್) ಕಳೆಯದೆ ಕೊಡುವ ಝೀರೋ ಡೆಪ್ ಇಲ್ಲ. 1500 ಸಿಸಿ ಒಳಗಿನ ಕಾರಿಗೆ ಮೊದಲ ₹1,000 ನಮ್ಮ ತಲೆಗೇ. ಬಣ್ಣದ ಖರ್ಚಿನಲ್ಲಿ ಸಾಮಾನಿನ ಭಾಗಕ್ಕೆ ಅರ್ಧ ಡಿಪ್ರಿಸಿಯೇಷನ್ ಕಳೆಯುತ್ತಾರೆ. ಎಲ್ಲ ಕಳೆದು ಕೈಗೆ ಬರುವುದು ಸುಮಾರು ₹2,900. ಬೋನಸ್ ಮಾತ್ರ ಸೊನ್ನೆಗೆ ಇಳಿಯುತ್ತದೆ. ಆಮೇಲೆ 20, 25, 35, 45 ಅಂತ ಮೆಟ್ಟಿಲು ಹತ್ತಿ ಮತ್ತೆ 50ಕ್ಕೆ ಬರಬೇಕು. ನನ್ನ ಸ್ವಂತ ಹಾನಿಯ ಪ್ರೀಮಿಯಂ ಬೋನಸ್ ಕಳೆಯುವ ಮುಂಚೆ ₹5,200. ಅದು ಹಾಗೇ ಇರುತ್ತದೆ ಎಂದುಕೊಂಡರೂ ಆ ಐದು ರಿನ್ಯೂವಲ್‌ಗಳಲ್ಲಿ ಕೈಬಿಟ್ಟುಹೋಗುವುದು ₹6,500. ₹2,900 ತೆಗೆದುಕೊಂಡು ₹6,500 ಕೊಡುವ ವ್ಯಾಪಾರ. ಎಸ್ಟಿಮೇಟ್ ಮಡಚಿ ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ. ಆ ರಾತ್ರಿಯೇ ಈ ಬಾಟಲಿ ಆರ್ಡರ್ ಮಾಡಿದ್ದು.

ಆಗ ₹450. ಒಂದು ಬಣ್ಣದ ಬಾಟಲಿ, ಒಂದು ಕ್ಲಿಯರ್ ಬಾಟಲಿ, ಒಂದು ಚೂರು ಉಪ್ಪುಕಾಗದ. ಬಣ್ಣ ಆರಿಸುವಾಗ "ಸಿಲ್ವರ್" ಅಂತ ಕಣ್ಣಂದಾಜಿನಲ್ಲಿ ಒತ್ತಬೇಡಿ. ಪ್ರತಿ ಕಾರಿಗೂ ಬಣ್ಣದ ಕೋಡ್ ಇರುತ್ತದೆ. ನನ್ನ ಕಾರಿನದು ಸಿಲ್ಕಿ ಸಿಲ್ವರ್, ಝಡ್2ಎಸ್. ಅದನ್ನೇ ನೋಡಿ ತರಿಸಿದ್ದೆ. ಆದ್ದರಿಂದ ವಿಭೂತಿಗೆ ಕಾರಣ ಕೋಡ್ ಅಲ್ಲ.

ಹಚ್ಚುವ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಕ್ಷಮಿಸಿ. ಭಾನುವಾರ ಬೆಳಗ್ಗೆ ಏಳು ಗಂಟೆ. ನಮ್ಮ ರಸ್ತೆಗೆ ಬಿಸಿಲು ಇಳಿಯುವುದು ಎಂಟೂವರೆಗೆ, ಅಷ್ಟರೊಳಗೆ ಮುಗಿಯಬೇಕು. ಬಿಸಿ ತಗಡಿಗೆ ಬಣ್ಣ ಹಚ್ಚಿದರೆ ಬ್ರಷ್ ಎತ್ತುವಷ್ಟರಲ್ಲಿ ಎಳೆ ಎಳೆಯಾಗಿ ಕೂರುತ್ತದೆ. ಅತ್ತೆ ಬಾಗಿಲಿಗೆ ನೀರು ಹಾಕುವಾಗ ಒಂದು ಬಕೆಟ್ ನನಗೂ ಬಿಡುತ್ತಾರೆ. ತೊಳೆದು, ಒರೆಸಿ, ಸ್ಪಿರಿಟ್ ಹತ್ತಿಯಲ್ಲಿ ಜಿಡ್ಡು ತೆಗೆದು, ಗೀರಿನ ಒಳಗೆ ಮಾತ್ರ 2000 ನಂಬರಿನ ಉಪ್ಪುಕಾಗದವನ್ನು ಬೆಂಕಿಕಡ್ಡಿಗೆ ಸುತ್ತಿ ಎರಡು ಎಳೆತ. ಆಮೇಲೆ ಮೆಟ್ಟಿಲ ಮೇಲೆ ಕೂತು, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು, ಬಾಟಲಿ ಅಲ್ಲಾಡಿಸುವುದು. ಒಳಗಿನ ಗುಂಡು ಕಟಕಟ ಅನ್ನುತ್ತದೆ. ಕಾಫಿ ಮುಗಿಯುವ ತನಕ ಅಲ್ಲಾಡಿಸಬೇಕು, ಅದು ನನ್ನ ಅಳತೆ. ಮೊದಲ ಸಲ ಅರ್ಧ ನಿಮಿಷಕ್ಕೆ ಸಾಕು ಮಾಡಿದ್ದೆ. ಬೆಳ್ಳಿ ಪುಡಿಯೆಲ್ಲ ತಳದಲ್ಲೇ ಉಳಿದು ಬರೀ ಅಕ್ಕಿ ತೊಳೆದ ನೀರಿನಂಥದ್ದು ಬಂತು.

ಮುಚ್ಚಳದ ಬ್ರಷ್ ನೇಲ್ ಪಾಲಿಷ್ ಬ್ರಷ್‌ನಂತೆಯೇ ಇದೆ, ಅಂದರೆ ಗೀರಿಗೆ ತುಂಬ ದಪ್ಪ. ನಾನು ಹಲ್ಲುಕಡ್ಡಿಯ ತುದಿಯಲ್ಲಿ ಹನಿ ಎತ್ತಿ ಗೀರಿನ ಉದ್ದಕ್ಕೂ ಇಡುತ್ತೇನೆ. ಅದು ತಾನೇ ಹರಿದು ತುಂಬಿಕೊಳ್ಳುತ್ತದೆ. ಆ ಹರಿಯುವುದನ್ನು ನೋಡುವುದೇ ಒಂದು ಸುಖ, ಎಳೆ ರಂಗೋಲಿ ಒಂದೇ ಸಮ ಬಿದ್ದ ಹಾಗೆ. ಒಂದು ಸಲಕ್ಕೆ ತೆಳು ಪದರ. ಇಪ್ಪತ್ತು ನಿಮಿಷ ಬಿಟ್ಟು ಇನ್ನೊಂದು, ಮತ್ತೊಂದು. ಕ್ಲಿಯರ್ ಮಾರನೆಯ ದಿನ. ಪಾಲಿಷ್ ಒಂದು ವಾರ ಬಿಟ್ಟು. ನಡುವೆ ಹಾಲಿನವನು, ಪೇಪರಿನವನು, ಎದುರು ಮನೆಯ ರಿಟೈರ್ಡ್ ಮೇಷ್ಟ್ರು, ಎಲ್ಲರೂ ಬಗ್ಗಿ ನೋಡಿ ಒಂದೊಂದು ಸಲಹೆ ಕೊಟ್ಟು ಹೋಗುತ್ತಾರೆ.

ಇಷ್ಟೆಲ್ಲ ಮಾಡಿಯೂ ವಿಭೂತಿ. ಎದುರಿಂದ ನೋಡಿದರೆ ಹೊಂದಿಕೊಂಡ ಹಾಗೆ ಕಾಣುತ್ತದೆ. ಪಕ್ಕಕ್ಕೆ ಬಂದರೆ ಕಪ್ಪಗೆ, ಬಗ್ಗಿದರೆ ಬೆಳ್ಳಗೆ. ಹುಚ್ಚು ಹಿಡಿದ ಹಾಗಾಯಿತು. ಮೂರು ಭಾನುವಾರ ಕೆರೆದು ಕೆರೆದು ಹಚ್ಚಿದೆ. ಕೊನೆಗೆ ಜೆ.ಸಿ. ರೋಡಿಗೆ ಹೋದೆ. ಕಾರಿನ ಬಣ್ಣವನ್ನು ಕೋಡ್ ನೋಡಿ ಕಲಸಿ ಕೊಡುವ ಅಂಗಡಿಯೊಂದರಲ್ಲಿ ಕೂತಿದ್ದವರು ನನ್ನ ಫೋಟೋ ನೋಡಿ ನಕ್ಕರು.

"ಬಣ್ಣ ಸರಿಯಾಗೇ ಇದೆ ಮೇಡಂ. ಸಿಲ್ವರ್‌ಗೆ ಬ್ರಷ್ ಆಗಲ್ಲ."

"ಯಾಕೆ ಸಾರ್? ಅದೇ ಕೋಡ್ ಅಲ್ವಾ?"

"ಒಳಗೆ ಅಲ್ಯೂಮಿನಿಯಂ ಚೂರು ಇರ್ತಾವೆ. ಸ್ಪ್ರೇ ಗನ್ನಲ್ಲಿ ಹೊಡೆದ್ರೆ ಎಲ್ಲ ಅಂಗಾತ ಮಲಗ್ತಾವೆ, ಒಂದೇ ಥರ ಮಿನುಗ್ತಾವೆ. ಬ್ರಷ್ಷಲ್ಲಿ ಹಚ್ಚಿದ್ರೆ ಒಂದು ನಿಂತಿರುತ್ತೆ, ಒಂದು ಕೂತಿರುತ್ತೆ. ವೈಟ್ ಕಾರಾಗಿದ್ರೆ ಬೇರೆ ಮಾತು."

ಇಷ್ಟು ಮಾತನ್ನು ಬಾಟಲಿಯ ಡಬ್ಬದ ಮೇಲೆ ಬರೆದಿದ್ದರೆ ನನ್ನ ಮೂರು ಭಾನುವಾರ ಉಳಿಯುತ್ತಿತ್ತು. ಬರೆದಿಲ್ಲ. "ಫ್ಯಾಕ್ಟರಿ ಫಿನಿಷ್" ಅಂತ ಮಾತ್ರ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಇದಕ್ಕೆ ನನ್ನ ಕೋಪ ಇವತ್ತಿಗೂ ಇಳಿದಿಲ್ಲ. ನಮ್ಮ ತಮ್ಮನ ಕಾರು ಬಿಳಿ, ಮಿನುಗು ಇಲ್ಲದ ಸಾದಾ ಬಿಳಿ. ಅದೇ ಕಂಪನಿಯ ಬಿಳಿ ಬಾಟಲಿ ತರಿಸಿ ಅವನ ಬಾನೆಟ್‌ನ ಕಲ್ಲೇಟಿಗೆ ನಾನೇ ಹಚ್ಚಿಕೊಟ್ಟೆ. ಈಗ ಹುಡುಕಿದರೂ ಸಿಗುವುದಿಲ್ಲ. ಹೊಟ್ಟೆ ಉರಿಯಿತು.

ಬೇರೆ ತಾಪತ್ರಯಗಳೂ ಇವೆ. ಜುಲೈ ತಿಂಗಳ ಜಿಟಿಜಿಟಿ ಮಳೆಯ ನಡುವೆ ಬಿಡುವು ಸಿಕ್ಕಿತೆಂದು ಕ್ಲಿಯರ್ ಹಚ್ಚಿದೆ, ಗಾಳಿಯ ತೇವಕ್ಕೆ ಅದು ಹಾಲಿನಂತೆ ಬೆಳ್ಳಗಾಯಿತು. ಕೆರೆದು ಮತ್ತೆ ಮಾಡಬೇಕಾಯಿತು. ಬಾಟಲಿಯ ಕುತ್ತಿಗೆ ಒರೆಸದೆ ಮುಚ್ಚಿದರೆ ಮುಚ್ಚಳ ಅಂಟಿ ಕೂರುತ್ತದೆ, ಬಿಗಿಯಾಗಿ ಕೂರದಿದ್ದರೆ ಥಿನ್ನರ್ ಹಾರಿಹೋಗುತ್ತದೆ. ನನ್ನ ಮೊದಲ ಬಾಟಲಿ ಹದಿನಾಲ್ಕು ತಿಂಗಳಿಗೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾಯಿತು. ಅರ್ಧಕ್ಕಿಂತ ಜಾಸ್ತಿ ಒಳಗೇ ಇತ್ತು.

ಹಾಗಾದರೆ ಎರಡನೆಯದು ಯಾಕೆ ತಂದೆ?

ಬಲಗಡೆ ಮುಂದಿನ ಡೋರಿನ ಕೆಳಅಂಚಿನಲ್ಲಿ ಇನ್ನೊಂದು ಪೆಟ್ಟಿತ್ತು. ಬಗ್ಗಿ ನೋಡದ ಜಾಗ, ಹಾಗಾಗಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಯಾರ ಸ್ಕೂಟರ್ ಸ್ಟ್ಯಾಂಡೋ, ಯಾರ ಕಾಲೋ. ಎರಡನೆಯ ಮಳೆಗಾಲ ಮುಗಿದು ತೊಳೆಯುವಾಗ ಬೆರಳಿಗೆ ತಟ್ಟಿತು. ಬಣ್ಣ ಹಪ್ಪಳದ ಗುಳ್ಳೆಯಂತೆ ಎದ್ದಿತ್ತು. ಒತ್ತಿದರೆ ಪುಡಿಯಾಗಿ ಉದುರಿ, ಕೆಳಗಿನಿಂದ ಕಂದು ನೀರು. ಹೊರಗೆ ಮೆಣಸಿನಷ್ಟಿದ್ದ ಪೆಟ್ಟು ಒಳಗೊಳಗೇ ಎಂಟಾಣೆಯಷ್ಟು ಅಗಲ ತುಕ್ಕು ಹಿಡಿಸಿತ್ತು. ಏರಿಯಾದ ಟಿಂಕರಿಂಗ್ ಶೆಡ್ಡಿನಲ್ಲಿ ಕೆರೆದು, ಪ್ರೈಮರ್ ಹೊಡೆದು, ಕೆಳಭಾಗಕ್ಕೆ ಬಣ್ಣ ಮಾಡಿಕೊಟ್ಟದ್ದಕ್ಕೆ ₹1,800 ಕೊಟ್ಟೆ. ಅವತ್ತು ಸಂಜೆ ಹಿಂದೆ ಹೋಗಿ ನನ್ನ ವಿಭೂತಿಯ ಜಾಗ ನೋಡಿದೆ. ತಗಡು ಕಾಣುವಷ್ಟು ಆಳದ ಗೀರು ಅದು, ಎರಡು ಮಳೆಗಾಲ ಬೀದಿಯಲ್ಲೇ ನೆಂದಿದೆ. ಉಗುರಲ್ಲಿ ಕೆರೆದೆ. ಗಟ್ಟಿಯಾಗಿತ್ತು. ಒಂದು ಚುಕ್ಕೆ ತುಕ್ಕಿಲ್ಲ.

ಅಲ್ಲಿಂದ ನನಗೆ ಬಾಟಲಿಯ ಮೇಲಿನ ಸಿಟ್ಟು ಅರ್ಧ ಇಳಿಯಿತು. ಅಂದಕ್ಕೆ ಅಂತ ತಂದದ್ದು ಔಷಧಿಯ ಕೆಲಸ ಮಾಡಿದೆ. ಗಾಯಕ್ಕೆ ಅರಿಶಿನ ಮೆತ್ತಿದರೆ ಹಳದಿ ಕಾಣುತ್ತದೆ ಅಂತ ಯಾರಾದರೂ ಬೇಜಾರು ಮಾಡಿಕೊಳ್ಳುತ್ತಾರಾ? ಈಗ ಗೀರು ಕಂಡ ವಾರವೇ ಎರಡು ಪದರ ಹಚ್ಚಿ ಮುಗಿಸುತ್ತೇನೆ. ಹೊಂದಿಸುವ ಚಪಲ ಬಿಟ್ಟಿದ್ದೇನೆ. ಜೆ.ಸಿ. ರೋಡಿನವರು ಕಲಸಿಕೊಟ್ಟದ್ದು ಇನ್ನೂ ಅಗ್ಗವಾಗಿ ಬಿತ್ತು ನಿಜ. ಆದರೆ 100 ಎಂಎಲ್ ಡಬ್ಬಿ ಒಂದು ಮನೆಗೆ ಮೂರು ಜನ್ಮಕ್ಕೆ ಸಾಕು, ಅಷ್ಟರಲ್ಲಿ ಅದೂ ಒಣಗುತ್ತದೆ. ಪುಟ್ಟ ಬಾಟಲಿಯೇ ವಾಸಿ.

ಬಂಪರ್‌ಗೆ ಇದನ್ನು ದಂಡ ಮಾಡಬೇಡಿ. ಅದು ಪ್ಲಾಸ್ಟಿಕ್, ತುಕ್ಕು ಹಿಡಿಯುವುದಿಲ್ಲ, ಮೇಲಾಗಿ ಬರಿಯ ಪ್ಲಾಸ್ಟಿಕ್ ಮೇಲೆ ಈ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹಿಂದಿನ ಬಂಪರ್ ಒಮ್ಮೆ ಯಾರೋ ಒತ್ತಿ ಬೋಗುಣಿಯಂತೆ ತಗ್ಗಾಗಿತ್ತು. ಸ್ನಾನದ ಹಂಡೆಯ ಬಿಸಿನೀರು ನಾಲ್ಕು ಚೊಂಬು ಹೊಯ್ದು, ಕೆಳಗಿನಿಂದ ಕೈ ಹಾಕಿ ನೂಕಿದೆ. ಟಪ್ ಅಂತ ಹೊರಗೆ ಬಂತು. ಆ ಶಬ್ದಕ್ಕೆ ಮೇಷ್ಟ್ರು ಚಪ್ಪಾಳೆ ತಟ್ಟಿದರು. ತಗಡಿನ ಡೆಂಟಿಗೆ ಈ ಉಪಾಯ ನಡೆಯುವುದಿಲ್ಲ, ನಾನು ಅದನ್ನೂ ಮಾಡಿ ನೋಡಿ ಒಂದು ಹಂಡೆ ನೀರು ವೇಸ್ಟ್ ಮಾಡಿದ್ದೇನೆ.

ಸಾದಾ ಬಿಳಿ ಕಾರಿನವರು ಕಣ್ಣು ಮುಚ್ಚಿ ತಗೊಳ್ಳಿ, ಐದಕ್ಕೆ ಐದು. ಬೆಳ್ಳಿ, ಬೂದು, ಮಿನುಗುವ ನೀಲಿಯವರಿಗೆ ಮೂರು. ಅದರಲ್ಲಿ ಒಂದು ತುಕ್ಕು ತಡೆದಿದ್ದಕ್ಕೆ, ಒಂದು ಭಾನುವಾರದ ಕಾಫಿಗೆ, ಇನ್ನೊಂದು ನನ್ನ ನೋ ಕ್ಲೇಮ್ ಬೋನಸ್ ಇವತ್ತಿಗೂ 50ರಲ್ಲೇ ಇರುವುದಕ್ಕೆ.

ಹೋದ ಆಯುಧಪೂಜೆಗೆ ಅತ್ತೆ ಬಾನೆಟ್‌ಗೆ ಅರಿಶಿನ-ಕುಂಕುಮ ಇಟ್ಟು, ಹೂವು ಹಾಕಿ, ಸುತ್ತು ಬಂದು ಹಿಂದಿನ ಡೋರಿನ ಹತ್ತಿರ ನಿಂತರು. ಕನ್ನಡಕ ಸರಿಮಾಡಿಕೊಂಡು ನೋಡಿ, "ಇಲ್ಲಿ ವಿಭೂತಿ ಆಗಲೇ ಇಟ್ಟಿದ್ದೀಯಲ್ಲ" ಎಂದು ಅದರ ಕೆಳಗೆ ಒಂದು ಕುಂಕುಮದ ಬೊಟ್ಟು ಇಟ್ಟರು.