ಹೊಸಬರಿಗೆ ಮೊದಲು ಯಾವ ಮ್ಯಾಚ್ ತೋರಿಸಬೇಕು? ಮೂರನ್ನೂ ಹಾಕಿ ನೋಡಿದೆ

ಹೋದ ತಿಂಗಳು ಮೂರು ಭಾನುವಾರ ಸಂಜೆ ನಮ್ಮ ಮನೆಯ ಟಿವಿಯಲ್ಲಿ ಒಂದೊಂದು ರೆಸ್ಲಿಂಗ್ ಮ್ಯಾಚ್ ಹಾಕಿದೆ. ಕೂತು ನೋಡಿದವರು ಮೂರು ಜನ. ಹುಡುಗನಾಗಿದ್ದಾಗ ಮೈಸೂರಿನ ಗರಡಿ ಮನೆಯಲ್ಲಿ ಸಾಮು ಮಾಡಿದ್ದ ನನ್ನ ಸೋದರಮಾವ, ರೆಸ್ಲಿಂಗ್ ಬಂದ ತಕ್ಷಣ ಚಾನೆಲ್ ಬದಲಿಸುವ ಅತ್ತಿಗೆ, ಏಳನೇ ಕ್ಲಾಸಿನಲ್ಲಿ ಓದುತ್ತಿರುವ ಅಕ್ಕನ ಮಗ. ಮೂವರಿಗೂ ಇದು ಹೊಸದು. ನನಗೆ ತಿಳಿಯಬೇಕಿದ್ದದ್ದು ಒಂದೇ. ಏನೂ ಗೊತ್ತಿಲ್ಲದವರಿಗೆ ಮೊದಲು ಯಾವ ಮ್ಯಾಚ್ ತೋರಿಸಬೇಕು?

ನಾನು ಟೆನ್ ಸ್ಪೋರ್ಟ್ಸ್ ಕಾಲದಿಂದ ನೋಡುತ್ತಾ ಬಂದವನು. ಎತ್ತರ, ತೂಕ, ರ‍್ಯಾಂಕ್ ಬರೆದ ಟ್ರಂಪ್ ಕಾರ್ಡುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಸ್ಕೂಲ್ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿದವನು. ಈ ಆಟ ಅಂದರೆ ನನಗೆ ಪ್ರಾಣ. ಆದರೆ ಮನೆಯವರಿಗೆ ತೋರಿಸಲು ಹೋದಾಗಲೆಲ್ಲ ಹತ್ತೇ ನಿಮಿಷಕ್ಕೆ ಎದ್ದು ಹೋಗುತ್ತಿದ್ದರು. ತಪ್ಪು ಅವರದಲ್ಲ, ನಾನು ಆರಿಸಿದ ಮ್ಯಾಚಿನದು ಅಂತ ಬಹಳ ದಿನದಿಂದ ಅನುಮಾನ ಇತ್ತು. ಅದಕ್ಕೇ ಈ ಸಲ ಒಂದು ಲೆಕ್ಕ ಇಟ್ಟುಕೊಂಡೆ. ವಿವರಿಸಿ ಹೇಳೋಕೆ ರಿಮೋಟ್ ತೆಗೆದುಕೊಂಡು ಮ್ಯಾಚ್ ನಿಲ್ಲಿಸಬೇಕಾದದ್ದು ಎಷ್ಟು ಸಲ?

ಶುರು ಮಾಡುವ ಮುಂಚೆ ಒಂದು ಮಾತು ಹೇಳಿಬಿಟ್ಟೆ. ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಆದರೆ ಬೀಳುವುದು ನಿಜ, ನೋವು ನಿಜ. ಮಾವ ತಲೆ ಆಡಿಸಿದರು. "ಸರಿ, ಹಾಕು" ಅಂದರು.

ಮೊದಲ ವಾರ ನನ್ನ ಅಚ್ಚುಮೆಚ್ಚಿನದು. ಡಬ್ಲ್ಯೂಡಬ್ಲ್ಯೂಇ ಕಂಪನಿಯ ವರ್ಷದ ದೊಡ್ಡ ಶೋ ರೆಸಲ್‌ಮೇನಿಯಾ 25, 2009ರ ಏಪ್ರಿಲ್ 5, ಹ್ಯೂಸ್ಟನ್. ಅಂಡರ್‌ಟೇಕರ್ ಮತ್ತು ಶಾನ್ ಮೈಕಲ್ಸ್. ಆಗ ಅಂಡರ್‌ಟೇಕರ್ ರೆಸಲ್‌ಮೇನಿಯಾದಲ್ಲಿ ಹದಿನಾರು ಆಡಿ ಹದಿನಾರೂ ಗೆದ್ದಿದ್ದ.

ಆರಂಭ ಎಲ್ಲರಿಗೂ ಹಿಡಿಸಿತು. ಶಾನ್ ಬಿಳಿ ಬಟ್ಟೆ ತೊಟ್ಟು ಬೆಳಕಿನಲ್ಲಿ ಮೇಲಿನಿಂದ ಇಳಿದು ಬರುತ್ತಾನೆ. ಅಂಡರ್‌ಟೇಕರ್ ಕಪ್ಪು ಬಟ್ಟೆಯಲ್ಲಿ ಕೆಳಗಿನಿಂದ ಎದ್ದು ಬರುತ್ತಾನೆ. ಯಾರು ಏನು ಅಂತ ಅತ್ತಿಗೆಗೆ ಒಂದು ಮಾತೂ ಹೇಳಬೇಕಾಗಲಿಲ್ಲ. ಆಮೇಲೆ ಆ ಜಿಗಿತ. ಅಂಡರ್‌ಟೇಕರ್ ಓಡಿ ಬಂದು ಮೇಲಿನ ಹಗ್ಗ ದಾಟಿ ಹೊರಗೆ ಹಾರುತ್ತಾನೆ. ಶಾನ್ ಪಕ್ಕದಲ್ಲಿದ್ದ ಕ್ಯಾಮೆರಾದವನನ್ನು ಎಳೆದು ಮುಂದೆ ಬಿಡುತ್ತಾನೆ. ಆರೂವರೆ ಅಡಿಗಿಂತ ಎತ್ತರದ ಆಳು ತಲೆ ಕೆಳಗಾಗಿ ನೆಲಕ್ಕೆ ಬೀಳುತ್ತಾನೆ. "ಅಯ್ಯೋ, ಕತ್ತು ಹೋಯ್ತು!" ಅಂತ ಮಾವ ಕುರ್ಚಿಯಿಂದ ಎದ್ದೇಬಿಟ್ಟರು. ಅಲ್ಲಿ ಆತ ಬಿದ್ದ ರೀತಿ ಅಂದುಕೊಂಡ ಹಾಗೆ ಇರಲಿಲ್ಲ. ಇವತ್ತು ನೋಡಿದರೂ ನನಗೆ ಹೊಟ್ಟೆಯೊಳಗೆ ತಳಮಳ ಆಗುತ್ತದೆ.

ತೊಂದರೆ ಶುರುವಾದದ್ದು ಆಮೇಲೆ. ಅಂಡರ್‌ಟೇಕರ್ ತನ್ನ ಟೂಂಬ್‌ಸ್ಟೋನ್ ಹಾಕುತ್ತಾನೆ. ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ಮೊಣಕಾಲಿನ ಮೇಲೆ ಕುಸಿಯುವ ಏಟು ಅದು. ರೆಫ್ರಿ ಒಂದು, ಎರಡು ಎಣಿಸುತ್ತಾನೆ. ಶಾನ್ ಭುಜ ಎತ್ತಿಬಿಡುತ್ತಾನೆ. ಆ ಕ್ಷಣದಲ್ಲಿ ಅಂಡರ್‌ಟೇಕರ್ ಮುಖ ನೋಡಬೇಕು. ಕಣ್ಣು ಅಗಲ, ಬಾಯಿ ತೆರೆದಿದೆ, ನಂಬಲಾಗದೆ ಹಾಗೇ ಮಲಗಿದ್ದಾನೆ. ನನಗೆ ಮೈ ಜುಮ್ಮೆಂದಿತು. ಪಕ್ಕಕ್ಕೆ ತಿರುಗಿದರೆ ಅಕ್ಕನ ಮಗ ಕೇಳುತ್ತಿದ್ದಾನೆ. "ಮಾಮ, ಅವನು ಯಾಕೆ ಹಾಗೆ ನೋಡ್ತಿದ್ದಾನೆ?"

ಮ್ಯಾಚ್ ನಿಲ್ಲಿಸಿದೆ. ಆ ಏಟಿನಿಂದ ಏಳುವವರು ತೀರಾ ಅಪರೂಪ ಕಣೋ, ಅಷ್ಟು ವರ್ಷದಿಂದ ಹಾಗೇ ನಡೆದು ಬಂದಿದೆ ಅಂತ ಹೇಳಿದೆ. ಹೇಳಿ ಮುಗಿಸಿ ಮತ್ತೆ ಹಾಕುವಷ್ಟರಲ್ಲಿ ಆ ಬಿಸಿ ಆರಿ ಹೋಗಿತ್ತು. ಮಾವನ ಪ್ರಶ್ನೆ ಬೇರೆ. "ಬೆನ್ನು ನೆಲಕ್ಕೆ ತಾಗಿತಲ್ಲ, ಚಿತ್ ಆದನಲ್ಲ, ಮತ್ತೆ ಯಾಕೆ ಎದ್ದ?" ನಮ್ಮ ಕುಸ್ತಿಯಲ್ಲಿ ಚಿತ್ ಆದರೆ ಮುಗಿಯಿತು. ಇಲ್ಲಿ ಭುಜ ನೆಲಕ್ಕೆ ತಾಗಿರುವಾಗ ರೆಫ್ರಿ ಮೂರು ಎಣಿಸಬೇಕು. ಅದಕ್ಕೊಂದು ಸಲ ನಿಲ್ಲಿಸಿದೆ. ಒಟ್ಟು ನಾಲ್ಕು ಸಲ. ಕೊನೆಗೆ ಶಾನ್ ಮೇಲಿನಿಂದ ಹಾರಿದಾಗ ಅಂಡರ್‌ಟೇಕರ್ ಗಾಳಿಯಲ್ಲೇ ಹಿಡಿದು ಇನ್ನೊಂದು ಟೂಂಬ್‌ಸ್ಟೋನ್ ಹಾಕಿ ಗೆಲ್ಲುತ್ತಾನೆ. ಚಪ್ಪಾಳೆ ತಟ್ಟಿದರು, ನಿಜ. ಆದರೆ ನಾನು ಕಂಡದ್ದು ಅವರು ಕಾಣಲಿಲ್ಲ. ಈ ಮ್ಯಾಚ್ ನೋಡೋಕೆ ಬರುವಾಗ ಹದಿನೆಂಟು ವರ್ಷದ ನೆನಪು ಜೊತೆಗೆ ತರಬೇಕು. ತಂದವರಿಗೆ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ ಅಂತ ಈಗಲೂ ಹೇಳುತ್ತೇನೆ.

ಎರಡನೇ ವಾರ ಜಪಾನಿಗೆ ಹೋದೆವು. 2017ರ ಜನವರಿ 4, ಟೋಕಿಯೊ ಡೋಮ್, ರೆಸಲ್ ಕಿಂಗ್ಡಮ್ 11. ಕಜುಚಿಕಾ ಒಕಾಡ ಮತ್ತು ಕೆನಡಾದ ಕೆನ್ನಿ ಒಮೆಗಾ. ಐದು ಸ್ಟಾರ್ ಅಂದರೆ ಅದಕ್ಕಿಂತ ಮೇಲಿಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದಾಗ ಮ್ಯಾಚುಗಳಿಗೆ ಸ್ಟಾರ್ ಕೊಡುವ ರೆಸ್ಲಿಂಗ್ ಪತ್ರಕರ್ತ ಡೇವ್ ಮೆಲ್ಟ್ಸರ್ ಇದಕ್ಕೆ ಆರು ಕೊಟ್ಟರು. ಅವತ್ತಿನಿಂದ ಅಭಿಮಾನಿಗಳಲ್ಲಿ ಶುರುವಾದ ಜಗಳ ಇನ್ನೂ ನಿಂತಿಲ್ಲ.

ನನ್ನ ಮಟ್ಟಿಗೆ ಕಸರತ್ತಿನಲ್ಲಿ ಇದನ್ನು ಮೀರಿಸಿದ್ದು ಮೂರರಲ್ಲಿ ಬೇರೆ ಯಾವುದೂ ಇಲ್ಲ. ಆದರೆ 46 ನಿಮಿಷ 45 ಸೆಕೆಂಡ್! ಮೊದಲ ಹದಿನೈದು, ಇಪ್ಪತ್ತು ನಿಮಿಷ ನಿಧಾನ. ಅತ್ತಿಗೆ ದೋಸೆಗೆ ರುಬ್ಬಬೇಕು ಅಂತ ಎದ್ದವರು ಮತ್ತೆ ಬಂದದ್ದು ಮುಗಿಯುವ ಹೊತ್ತಿಗೆ. ಒಕಾಡ ಒಮೆಗಾನನ್ನು ರಿಂಗಿನ ಒಳಗಿನಿಂದ ಎತ್ತಿ ಹಗ್ಗದ ಆಚೆ ಹೊರಗಿದ್ದ ಟೇಬಲ್ ಮೇಲೆ ಎಸೆದಾಗ ಹುಡುಗ "ಇನ್ನೊಂದು ಸಲ ಹಾಕಿ" ಅಂತ ಹಟ ಹಿಡಿದ. ಮಾವನ ಕಣ್ಣು ಬೇರೆ ಕಡೆ ಇತ್ತು. ಒಕಾಡನ ರೇನ್‌ಮೇಕರ್ ಹೇಗೆ ಅಂದರೆ, ಎದುರಾಳಿಯ ಮಣಿಕಟ್ಟು ಹಿಡಿದು, ತಿರುಗಿಸಿ ತನ್ನ ಕಡೆಗೆ ಜಗ್ಗಿ, ಇನ್ನೊಂದು ತೋಳಿನಿಂದ ಕತ್ತಿಗೆ ಬಾರಿಸುವುದು. "ಹೊಡೆಯೋದು ಯಾರು ಬೇಕಾದರೂ ಹೊಡೀತಾರೆ. ಆ ಕೈ ಹಿಡಿದಿದ್ದಾನಲ್ಲ, ಅದನ್ನ ನೋಡು" ಅಂದರು ಮಾವ. ಇಷ್ಟು ವರ್ಷ ನಾನು ಹೊಡೆತವನ್ನೇ ನೋಡುತ್ತಿದ್ದೆ.

ಇದರ ಅಸಲಿ ರುಚಿಯೂ ಹಳಬರಿಗೇ ಸಿಗುವುದು. ಒಮೆಗಾನ ದೊಡ್ಡ ಅಸ್ತ್ರ ಒನ್ ವಿಂಗ್ಡ್ ಏಂಜೆಲ್. ಈ ಮ್ಯಾಚಿನಲ್ಲಿ ಅದನ್ನು ಹಾಕಲು ಎಷ್ಟು ಒದ್ದಾಡಿದರೂ ಆಗುವುದಿಲ್ಲ, ಸೋಲುತ್ತಾನೆ. 2018ರ ಜೂನ್‌ನಲ್ಲಿ ಒಸಾಕಾದಲ್ಲಿ ಅದೇ ಏಟಿನಿಂದ ಅದೇ ಒಕಾಡನನ್ನು ಸೋಲಿಸಿ ಚಾಂಪಿಯನ್ ಬೆಲ್ಟ್ ಗೆಲ್ಲುತ್ತಾನೆ. ಒಂದೂವರೆ ವರ್ಷ ಕಾದವರಿಗೆ ಅದು ಹಬ್ಬ. ಮೊದಲ ದಿನವೇ ಬಂದು ಕೂತವರಿಗೆ ಏನೂ ಅಲ್ಲ. ನಿಲ್ಲಿಸಿದ್ದು ಎರಡೇ ಸಲ, ಆದರೆ ಒಬ್ಬರು ಎದ್ದು ಹೋದರಲ್ಲ.

ಮೂರನೇ ವಾರದ್ದು ರೆಸಲ್‌ಮೇನಿಯಾ 13. 1997ರ ಮಾರ್ಚ್ 23, ಷಿಕಾಗೋ ಹತ್ತಿರದ ರೋಸ್‌ಮಾಂಟ್. ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್. ಇದರಲ್ಲಿ ಎಣಿಕೆಯೇ ಇಲ್ಲ. ಒಬ್ಬ "ಸಾಕು, ಸೋತೆ" ಅನ್ನುವವರೆಗೆ ಆಟ. ನಿಯಮ ಇಷ್ಟೇ ಆದ್ದರಿಂದ ಮಾವನಿಗೆ ಒಂದೇ ವಾಕ್ಯದಲ್ಲಿ ಅರ್ಥವಾಯಿತು. ಇಪ್ಪತ್ತೆರಡು ನಿಮಿಷದ ಮ್ಯಾಚ್. ಇದರಲ್ಲಿ ರಕ್ತ ಇದೆ, ಜಾಸ್ತಿಯೇ ಇದೆ. ಹುಡುಗನನ್ನು ಕೂರಿಸಬಹುದಾ ಅಂತ ಅಕ್ಕನನ್ನು ಮೊದಲೇ ಕೇಳಿದೆ. ಬೇಡ ಅಂದಳು. ಅವನು ಮುಖ ಊದಿಸಿಕೊಂಡು ಆಟಕ್ಕೆ ಹೋದ. ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಆಟ ಶುರುವಾಗುವಾಗ ಬ್ರೆಟ್ ಒಳ್ಳೆಯವನು, ಆಸ್ಟಿನ್ ಕೆಟ್ಟವನು. ಇಬ್ಬರೂ ಜನರ ನಡುವೆ ನುಗ್ಗಿ ಹೊಡೆದಾಡುತ್ತಾರೆ. ಬ್ರೆಟ್ ಸಮಾಧಾನವಾಗಿ ಆಸ್ಟಿನ್‌ನ ಕಾಲಿಗೇ ಗುರಿ ಇಡುತ್ತಾನೆ. ಒಂದು ಸಲ ರಿಂಗಿನ ಕಂಬಕ್ಕೆ ಕಾಲು ಸುತ್ತಿ ಹಾಕಿ ಜಗ್ಗುತ್ತಾನೆ. "ಇವನಿಗೆ ಕೆಲಸ ಗೊತ್ತು" ಅಂದರು ಮಾವ. ಆಗ ಹೇಳಿದೆ. ಬ್ರೆಟ್‌ನ ತಂದೆ ಸ್ಟೂ ಹಾರ್ಟ್ ಕ್ಯಾಲ್ಗರಿಯ ತಮ್ಮ ಮನೆಯ ನೆಲಮಾಳಿಗೆಯಲ್ಲೇ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದರು, ಎಷ್ಟೋ ಜನ ಅಲ್ಲಿಂದಲೇ ಬಂದರು ಅಂತ. "ಹಾಗಾದರೆ ಗರಡಿ ಮನೆ ಹುಡುಗ" ಅಂದರು. ಅಲ್ಲಿಂದ ಮುಂದೆ ಅವರು ಬ್ರೆಟ್ ಕಡೆ.

ಆದರೆ ಮ್ಯಾಚ್ ಅವರನ್ನು ಆ ಕಡೆ ಇರಲು ಬಿಡಲಿಲ್ಲ. ಆಸ್ಟಿನ್‌ನ ಹಣೆ ಒಡೆದು ರಕ್ತ ಸುರಿಯುತ್ತದೆ. ಆದರೂ ಅವನು ವೈರಿನಿಂದ ಬ್ರೆಟ್‌ನ ಕತ್ತು ಬಿಗಿಯುತ್ತಾನೆ. ಬ್ರೆಟ್ ಕೈಗೆ ಸಿಕ್ಕ ಗಂಟೆಯಿಂದ ಅವನ ತಲೆಗೆ ಬಾರಿಸಿ, ಶಾರ್ಪ್‌ಶೂಟರ್ ಹಾಕುತ್ತಾನೆ. ಎದುರಾಳಿಯ ಎರಡೂ ಕಾಲು ತನ್ನ ಕಾಲಿಗೆ ಹೆಣೆದುಕೊಂಡು, ಅವನನ್ನು ಬೋರಲು ತಿರುಗಿಸಿ, ಬೆನ್ನು ಮುರಿಯುವ ಹಾಗೆ ಹಿಂದಕ್ಕೆ ಕೂರುವ ಪಟ್ಟು ಅದು. ಕ್ಯಾಮೆರಾ ಹತ್ತಿರ ಬರುತ್ತದೆ. ಆಸ್ಟಿನ್ ಕಿರುಚುತ್ತಿದ್ದಾನೆ. ಹಲ್ಲಿನ ಸಂದಿಯಿಂದೆಲ್ಲ ರಕ್ತ ಇಳಿಯುತ್ತಿದೆ. ಒಂದು ಸಲ ಮೈಯೆಲ್ಲ ಬಿಗಿ ಮಾಡಿ ಎದ್ದು ಪಟ್ಟು ಬಿಡಿಸಿಕೊಂಡೇ ಬಿಡುತ್ತಾನೆ ಅನ್ನುವಷ್ಟರಲ್ಲಿ ಬ್ರೆಟ್ ಮತ್ತೆ ಬಿಗಿಯುತ್ತಾನೆ. ರೆಫ್ರಿ ಕೆನ್ ಶ್ಯಾಮ್‌ರಾಕ್ ಬಗ್ಗಿ ಬಗ್ಗಿ ಕೇಳುತ್ತಾನೆ. ಆಸ್ಟಿನ್ ಸೋತೆ ಅನ್ನುವುದಿಲ್ಲ. ಹಾಗೇ ಪ್ರಜ್ಞೆ ತಪ್ಪುತ್ತಾನೆ.

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. "ಬಿಡಿಸ್ರೋ ಯಾರಾದರೂ" ಅಂದರು, ಟಿವಿಗೆ.

ಗಂಟೆ ಬಾರಿಸಿದ ಮೇಲೂ ಬ್ರೆಟ್ ಬಿಡುವುದಿಲ್ಲ, ಬಿದ್ದವನ ಕಾಲಿಗೆ ಮತ್ತೆ ಒದೆಯುತ್ತಾನೆ. ಶ್ಯಾಮ್‌ರಾಕ್ ಎಳೆದು ಬಿಸಾಕಬೇಕಾಗುತ್ತದೆ. ಗೆದ್ದವನು ಛೀಮಾರಿ ಹಾಕಿಸಿಕೊಂಡು ಹೋಗುತ್ತಾನೆ. ಸೋತವನು ಯಾರ ಕೈಯನ್ನೂ ಹಿಡಿಯದೆ, ಕುಂಟುತ್ತಾ ಒಬ್ಬನೇ ನಡೆದು ಹೋಗುತ್ತಾನೆ. ಜನ ಅವನ ಹೆಸರು ಕೂಗುತ್ತಾರೆ. ಇಪ್ಪತ್ತೆರಡು ನಿಮಿಷದಲ್ಲಿ ಒಳ್ಳೆಯವನು ಕೆಟ್ಟವನಾದ, ಕೆಟ್ಟವನು ಒಳ್ಳೆಯವನಾದ. ಕಾಮೆಂಟರಿ ಒಂದು ಅಕ್ಷರ ಅರ್ಥವಾಗದ ಅತ್ತಿಗೆಗೆ ಇದೆಲ್ಲ ಗೊತ್ತಾಯಿತು. "ಆ ಬೋಡ ತಲೆಯವನೇ ಗೆದ್ದಿದ್ದು" ಅಂದರು. ಮಾವ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಬ್ರೆಟ್ ಹಾಗೆ ಒದೀಬಾರದಿತ್ತು" ಅಂದರು.

ನಾನು ರಿಮೋಟ್ ಮುಟ್ಟಿರಲಿಲ್ಲ.

ಇಲ್ಲಿಗೆ ಪರೀಕ್ಷೆ ಮುಗಿಯಬೇಕಿತ್ತು. ಆದರೆ ಮಾವ ಬ್ರೆಟ್ ಮುಂದೇನಾದ ಅಂತ ಕೇಳಿದರು. ಮಾಂಟ್ರಿಯಲ್ ಕಥೆ ಹೇಳಲೇಬೇಕಾಯಿತು. ಅದೇ ವರ್ಷ ನವೆಂಬರ್ 9, ಅದೇ ಕಂಪನಿಯ ಇನ್ನೊಂದು ಶೋ ಸರ್ವೈವರ್ ಸೀರೀಸ್. ಬ್ರೆಟ್ ಚಾಂಪಿಯನ್, ಎದುರಿಗೆ ಶಾನ್ ಮೈಕಲ್ಸ್. ಬ್ರೆಟ್ ಪೈಪೋಟಿ ಕಂಪನಿ ಡಬ್ಲ್ಯೂಸಿಡಬ್ಲ್ಯೂ ಸೇರಲು ಸಹಿ ಹಾಕಿಯಾಗಿತ್ತು. ತನ್ನ ದೇಶವಾದ ಕೆನಡಾದಲ್ಲಿ, ಶಾನ್ ಕೈಯಲ್ಲಿ ಬೆಲ್ಟ್ ಸೋಲುವುದಿಲ್ಲ, ಬೇರೆ ದಿನ ಬೇಕಾದರೆ ಬಿಟ್ಟುಕೊಡುತ್ತೇನೆ ಅಂದಿದ್ದ. ಮಾಲೀಕ ವಿನ್ಸ್ ಮೆಕ್‌ಮಹಾನ್ ಒಪ್ಪಿದ ಹಾಗೆ ತೋರಿಸಿಕೊಂಡರು. ಶಾನ್ ಬ್ರೆಟ್‌ಗೆ ಅವನದೇ ಶಾರ್ಪ್‌ಶೂಟರ್ ಹಾಕಿದ. ಬ್ರೆಟ್ ಸೋತೆ ಅನ್ನಲಿಲ್ಲ, ಪಟ್ಟು ಬಿಡಿಸಿಕೊಳ್ಳುತ್ತಲೇ ಇದ್ದ. ಅಷ್ಟರಲ್ಲಿ ವಿನ್ಸ್ ಹೇಳಿದ ಹಾಗೆ, ಬ್ರೆಟ್ ಸೋತ ಅಂತ ಗಂಟೆ ಬಾರಿಸಿಬಿಟ್ಟರು. ಬ್ರೆಟ್ ವಿನ್ಸ್ ಮುಖಕ್ಕೆ ಉಗಿದ. ಗಾಳಿಯಲ್ಲಿ ಬೆರಳಿನಿಂದ ಹೊಸ ಕಂಪನಿಯ ಹೆಸರು ಬರೆದ.

ಆ ದೃಶ್ಯವನ್ನೂ ಹಾಕಿ ತೋರಿಸಿದೆ. ಈ ಎರಡು ಶಾರ್ಪ್‌ಶೂಟರ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಸಿಕ್ಕಿಬಿದ್ದವನು ಸೋಲು ಒಪ್ಪಲಿಲ್ಲ. ಮಾರ್ಚ್‌ನಲ್ಲಿ ಬ್ರೆಟ್ ಮತ್ತು ಆಸ್ಟಿನ್ ಇಬ್ಬರೂ ಸೇರಿ ಒಬ್ಬ ಹೊಸ ನಾಯಕನನ್ನು ಹುಟ್ಟಿಸಿದರು. ನವೆಂಬರ್‌ನಲ್ಲಿ ನಂಬಿಕೆ ಇಟ್ಟು ಕಾಲು ಕೊಟ್ಟವನ ಬೆನ್ನ ಹಿಂದೆ ಗಂಟೆ ಬಾರಿಸಿದರು. ರೆಸ್ಲಿಂಗ್‌ನಲ್ಲಿ ನಮ್ಮ ಕತ್ತು, ಬೆನ್ನು ಎದುರಿನವನ ಕೈಯಲ್ಲಿರುತ್ತದೆ. ನಂಬಿಕೆ ಇಲ್ಲದೆ ಇದು ನಡೆಯುವುದೇ ಇಲ್ಲ.

ವಿನ್ಸ್ ಪರ ವಾದವೂ ಇದೆ, ಅದನ್ನು ಸುಮ್ನೆ ತಳ್ಳಿಹಾಕುವುದಿಲ್ಲ. 1995ರಲ್ಲಿ ಮಡೂಸಾ ಅನ್ನುವ ರೆಸ್ಲರ್ ಇದೇ ಕಂಪನಿಯ ಮಹಿಳಾ ಬೆಲ್ಟನ್ನು ಪೈಪೋಟಿ ಕಂಪನಿಯ ಟಿವಿ ಶೋನಲ್ಲಿ ಕಸದ ಬುಟ್ಟಿಗೆ ಹಾಕಿದ್ದರು. ಮತ್ತೆ ಹಾಗಾದರೆ ಅನ್ನುವ ಭಯ ಇತ್ತು. ಆದರೆ ಬ್ರೆಟ್ ಅಲ್ಲಿ ಹದಿಮೂರು ವರ್ಷ ದುಡಿದವನು. ಕೊನೆಯ ಮೂವತ್ತು ದಿನ ತನ್ನ ಪಾತ್ರದ ಬಗ್ಗೆ ಮಾತಾಡುವ ಹಕ್ಕು ಅವನ ಒಪ್ಪಂದದಲ್ಲೇ ಇತ್ತು. ನನ್ನ ಮಟ್ಟಿಗೆ ಬ್ರೆಟ್‌ದೇ ಸರಿ. 2010ರ ಜನವರಿಯಲ್ಲಿ ಬ್ರೆಟ್ ಮತ್ತು ಶಾನ್ ರಿಂಗಿನಲ್ಲಿ ಕೈಕುಲುಕಿ ತಬ್ಬಿಕೊಂಡರು. ಅದನ್ನು ನೋಡಿ ನಾನು ಅತ್ತಿದ್ದೇನೆ. ಅಭಿಪ್ರಾಯ ಮಾತ್ರ ಬದಲಾಗಿಲ್ಲ.

ಹಾಗಾಗಿ ಮನೆಯಲ್ಲಿ ದೊಡ್ಡವರಿಗೆ ಮೊದಲು ತೋರಿಸುವುದಾದರೆ ಬ್ರೆಟ್–ಆಸ್ಟಿನ್. ಮಕ್ಕಳ ಜೊತೆ ಕೂತರೆ ಅಂಡರ್‌ಟೇಕರ್–ಶಾನ್. ಆದರೆ ಅದಕ್ಕೂ ಮುಂಚೆ ಅಂಡರ್‌ಟೇಕರ್‌ನ ಹಳೆಯ ರೆಸಲ್‌ಮೇನಿಯಾ ಗೆಲುವುಗಳಲ್ಲಿ ಎರಡು ಮೂರನ್ನಾದರೂ ತೋರಿಸಿ. ಒಕಾಡ–ಒಮೆಗಾ ಸ್ವಲ್ಪ ದಿನ ಇಟ್ಟಿರಿ, ಅವರೇ ಕೇಳುವ ದಿನ ಬರುತ್ತದೆ.

ಮೊನ್ನೆ ಮಾವ ಫೋನ್ ಮಾಡಿದ್ದರು. ಬ್ರೆಟ್‌ನ ಆ ಗರಡಿ ಮನೆಯಲ್ಲಿ ಅಣ್ಣತಮ್ಮಂದಿರು ಯಾರಾದರೂ ಇದ್ದರಾ ಅಂತ ಕೇಳಿದರು. ಇದ್ದರು. ಬರುವ ಭಾನುವಾರ 1994ರ ರೆಸಲ್‌ಮೇನಿಯಾ 10 ಹಾಕುತ್ತೇನೆ. ಬ್ರೆಟ್ ಎದುರು ಅವನ ತಮ್ಮ ಓವನ್. ತಮ್ಮ ಅಣ್ಣನನ್ನು ನ್ಯಾಯವಾಗಿ ಚಿತ್ ಮಾಡುತ್ತಾನೆ. ಮಾವನಿಗೆ ಇಷ್ಟವಾಗುತ್ತದೆ. 1999ರ ಮೇ ತಿಂಗಳಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಓವನ್ ಮೇಲಿನಿಂದ ಇಳಿದು ಬರುವಾಗ ಬಿದ್ದು ತೀರಿಕೊಂಡದ್ದು, ಆಮೇಲೂ ಅವತ್ತಿನ ಶೋ ನಿಲ್ಲಿಸದೆ ಮುಂದುವರಿಸಿದ್ದು, ಅದನ್ನು ಮ್ಯಾಚ್ ಮುಗಿದ ಮೇಲೆ ಹೇಳುತ್ತೇನೆ.