ಮನೆಗೆ ತರಿಸಿಕೊಳ್ಳುವ ಜಿಬಿಎಸ್ ಟೆಸ್ಟ್ ಕಿಟ್: ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ ಮುಖ್ಯವಾದ ಮಾತೇ ಅದರಲ್ಲಿಲ್ಲ

ಇಂಗ್ಲೆಂಡಿನಲ್ಲಿರುವ ನಮ್ಮ ಕಡೆಯ ಬಸುರಿಯರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಇಲ್ಲಿ ಎನ್‌ಎಚ್‌ಎಸ್‌ನಲ್ಲಿ, ಅಂದರೆ ಸರ್ಕಾರಿ ಆಸ್ಪತ್ರೆಗಳಲ್ಲಿ, ಗ್ರೂಪ್ ಬಿ ಸ್ಟ್ರೆಪ್ (ಜಿಬಿಎಸ್) ಅನ್ನುವ ಬ್ಯಾಕ್ಟೀರಿಯಾದ ಟೆಸ್ಟ್ ಎಲ್ಲರಿಗೂ ಮಾಡುವುದಿಲ್ಲ. ಅಮೆರಿಕದಲ್ಲಿರುವ ನನ್ನ ನಾದಿನಿಗೆ 36ನೇ ವಾರ ಆಗುತ್ತಿದ್ದ ಹಾಗೆ ಅವರೇ ಕರೆದು ಮಾಡಿದ್ದರು. ನನ್ನ ಮಿಡ್‌ವೈಫ್ ಹತ್ತಿರ ಕೇಳಿದಾಗ "ಬೇಕಿದ್ದರೆ ಖಾಸಗಿಯಾಗಿ ಮಾಡಿಸಿಕೊಳ್ಳಬಹುದು" ಅಂದರು. ಹಾಗಾಗಿ ಆನ್‌ಲೈನ್‌ನಲ್ಲಿ ಈ ಕಿಟ್ ತರಿಸಿದೆ. 40 ಪೌಂಡಿನ ಹತ್ತಿರ ಆಯಿತು.

ಬಾಣಂತನಕ್ಕೆ ಅಂತ ದಾವಣಗೆರೆಯಿಂದ ಬಂದಿದ್ದ ಅಮ್ಮ ಜಿಬಿಎಸ್ ಅನ್ನುವ ಹೆಸರು ಕೇಳಿಯೇ ಗಾಬರಿಯಾದರು. "ಪುಣೆಯಲ್ಲಿ ಬಂದಿತ್ತಲ್ಲೇ, ಕೈಕಾಲು ಸ್ವಾಧೀನ ತಪ್ಪೋದು, ಅದಾ?" ಅದಲ್ಲ. 2025ರಲ್ಲಿ ಟಿವಿಯಲ್ಲಿ ಬಂದಿದ್ದು ನರಗಳ ಕಾಯಿಲೆ, ಗಿಲನ್ ಬಾರೆ ಸಿಂಡ್ರೋಮ್. ನಾನು ಹೇಳುತ್ತಿರುವ ಜಿಬಿಎಸ್ ಒಂದು ಬ್ಯಾಕ್ಟೀರಿಯಾ. ಎಷ್ಟೋ ಹೆಂಗಸರ ಕರುಳಿನಲ್ಲಿ, ಯೋನಿಯಲ್ಲಿ ಸುಮ್ನೆ ಇರುತ್ತದೆ. ನೋವಿಲ್ಲ, ತುರಿಕೆಯಿಲ್ಲ, ಇದೆ ಅಂತ ಗೊತ್ತೇ ಆಗುವುದಿಲ್ಲ. ಹೆರಿಗೆ ಹೊತ್ತಿನಲ್ಲಿ ಮಗುವಿಗೆ ದಾಟಿದರೆ ಮಾತ್ರ ಕಷ್ಟ. ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ, ಆದರೆ ಕೆಲವು ಮಕ್ಕಳಿಗೆ ರಕ್ತಕ್ಕೆ ನಂಜೇರುತ್ತದೆ, ನ್ಯುಮೋನಿಯಾ ಆಗುತ್ತದೆ, ಮೆದುಳಿನ ಪೊರೆಗೂ ಹಬ್ಬಬಹುದು, ಮತ್ತು ಇದೆಲ್ಲ ಎಷ್ಟು ಬೇಗ ಆಗುತ್ತದೆ ಅಂದರೆ ಹುಟ್ಟಿದ ಮೊದಲ ದಿನವೇ ಮಗು ಕೈಮೀರುವ ಸ್ಥಿತಿಗೆ ಹೋಗಬಹುದು.

ಈಗ ಕಿಟ್ ವಿಷಯ. ಚಿಕ್ಕ ಪೆಟ್ಟಿಗೆ. ಎರಡು ಸ್ವಾಬ್, ಎರಡು ಟ್ಯೂಬ್, ಒಂದು ಫಾರ್ಮ್, ವಾಪಸ್ ಕಳಿಸಲು ಸ್ಟಾಂಪ್ ಹಚ್ಚಿದ ಕವರ್. ಸ್ವಾಬ್ ಅಂದರೆ ಉದ್ದನೆ ಕಡ್ಡಿ, ತುದಿಗೆ ಹತ್ತಿ. ಒಂದನ್ನು ಯೋನಿಯ ಒಳಗೆ ಸ್ವಲ್ಪವೇ ತೂರಿಸಿ ತಿರುಗಿಸಬೇಕು, ಇನ್ನೊಂದನ್ನು ಗುದದ್ವಾರದಲ್ಲಿ. ನೋವಾಗಲಿಲ್ಲ. ಆದರೆ ಎಂಟು ತಿಂಗಳ ಹೊಟ್ಟೆ ಇಟ್ಟುಕೊಂಡು ಬಗ್ಗುವುದೇ ಕಷ್ಟ, ಬಾತ್‌ಟಬ್ಬಿನ ಅಂಚಿಗೆ ಒಂದು ಕಾಲಿಟ್ಟುಕೊಂಡು ಮಾಡಿದೆ. ಗುದದ ಸ್ವಾಬ್ ಮುಜುಗರ ಅಂತ ಬಿಡಬೇಡಿ, ಈ ಬ್ಯಾಕ್ಟೀರಿಯಾದ ತವರೇ ಕರುಳು. ಕೊಳ್ಳುವಾಗ ಅದು ಇಸಿಎಂ (ಎನ್‌ರಿಚ್ಡ್ ಕಲ್ಚರ್ ಮೀಡಿಯಂ) ಟೆಸ್ಟ್ ಹೌದೋ ಅಲ್ಲವೋ ನೋಡಿ. ಅದರಲ್ಲಿ ಈ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವಂಥ ದ್ರಾವಣದಲ್ಲಿ ಸ್ವಾಬನ್ನು ಇಡುತ್ತಾರೆ. ಮಾಮೂಲಿ ಕಲ್ಚರಿನಲ್ಲಿ ಎಷ್ಟೋ ಸಲ ಇದ್ದರೂ ಸಿಗುವುದಿಲ್ಲ.

ಸೋಮವಾರ ಪೋಸ್ಟ್ ಮಾಡಿದೆ, ಶುಕ್ರವಾರ ಸಂಜೆ ಮೆಸೇಜ್ ಬಂತು. ಪಾಸಿಟಿವ್.

ನನಗೆ ಸಿಟ್ಟು ಬಂದದ್ದು ಇಲ್ಲಿ. ಮೆಸೇಜಿನಲ್ಲಿ "ನಿಮ್ಮ ಮಿಡ್‌ವೈಫ್‌ಗೆ ತಿಳಿಸಿ" ಅಂತ ಒಂದು ಸಾಲು ಬಿಟ್ಟರೆ ಬೇರೇನಿಲ್ಲ. ಶನಿವಾರ, ಭಾನುವಾರ ಕಿಟ್ ಕಂಪನಿಯವರ ಫೋನ್ ಎತ್ತುವವರಿಲ್ಲ. ಎರಡು ರಾತ್ರಿ ನಿದ್ದೆಯಿಲ್ಲ. ಮಾತ್ರೆ ತಗೊಂಡು ಈಗಲೇ ಓಡಿಸಬಹುದಲ್ವಾ ಅಂತ ನಾನೂ ಅಂದುಕೊಂಡೆ. ಆಗುವುದಿಲ್ಲ, ಹೆರಿಗೆ ಹೊತ್ತಿಗೆ ಅದು ಮತ್ತೆ ಬಂದಿರಬಹುದು. ಔಷಧಿ ಕೊಡಬೇಕಾದ್ದು ಹೆರಿಗೆ ನೋವು ಶುರುವಾದ ಮೇಲೆ, ಪೆನಿಸಿಲಿನ್, ಡ್ರಿಪ್ ಹಾಕಿ ರಕ್ತನಾಳಕ್ಕೆ. ಮೊದಲು 3 ಗ್ರಾಂ, ಆಮೇಲೆ ಹೆರಿಗೆ ಆಗುವ ತನಕ 4 ಗಂಟೆಗೊಮ್ಮೆ 1.5 ಗ್ರಾಂ. ಜಿಬಿಎಸ್ ಇದ್ದು ಔಷಧಿ ಕೊಡದಿದ್ದರೆ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಸುಮಾರು 400ಕ್ಕೆ ಒಂದು, ಡ್ರಿಪ್ ಹಾಕಿದರೆ 4000ಕ್ಕೆ ಒಂದು ಅಂತ ಇಲ್ಲಿನ ಪ್ರಸೂತಿ ವೈದ್ಯರ ರಾಯಲ್ ಕಾಲೇಜ್ ಹೇಳುತ್ತದೆ. ಇಷ್ಟನ್ನು ಆ ಮೆಸೇಜಿನಲ್ಲಿ ಬರೆದಿದ್ದರೆ ನಾನು ಮಲಗುತ್ತಿದ್ದೆ.

ಮತ್ತೆ ಡ್ರಿಪ್ ಹೆರಿಗೆಗೆ 4 ಗಂಟೆಯಾದರೂ ಮುಂಚೆ ಶುರುವಾಗಬೇಕು. ಕಿಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಇರಬೇಕಾದ್ದು ಇದು. ನೀರು ಹೋದರೆ, ನೋವು ಬಂದರೆ, "ಇನ್ನೂ ಸಮಯ ಇದೆ" ಅಂತ ಮನೆಯಲ್ಲಿ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ ಜಿಬಿಎಸ್ ಪಾಸಿಟಿವ್ ಅಂತ ಮೊದಲ ಮಾತಲ್ಲೇ ಹೇಳಿ. ಪೆನಿಸಿಲಿನ್ ಅಲರ್ಜಿ ಇದ್ದರೆ ಅದನ್ನೂ ಹೇಳಿ. ನಾನು ರಿಸಲ್ಟ್ ಪ್ರಿಂಟ್ ತೆಗೆದು ಫೈಲಿನ ಮೊದಲ ಪುಟಕ್ಕೇ ಅಂಟಿಸಿದ್ದೆ. ರಾತ್ರಿ ಡ್ಯೂಟಿಯ ಮಿಡ್‌ವೈಫ್ ಅದನ್ನು ನೋಡಿದ್ದೇ ಕೈಗೆ ಸೂಜಿ ಹಾಕಿದರು. ಆಗ ಒಂದೂವರೆ ಗಂಟೆ. ಮಗಳು ಹುಟ್ಟಿದ್ದು 4:50ಕ್ಕೆ. ನಾಲ್ಕು ಗಂಟೆ ತುಂಬಲಿಲ್ಲ. ಅದಕ್ಕೇ 12 ಗಂಟೆ ಕಾಲ ಅವಳ ಮೇಲೆ ಕಣ್ಣಿಟ್ಟಿದ್ದರು: ಜ್ವರ, ಉಸಿರು, ಎದೆಬಡಿತ, ಎರಡೆರಡು ಗಂಟೆಗೆ ಬಂದು ಚಾರ್ಟಿನಲ್ಲಿ ಬರೆಯುವುದು. ಪ್ರತಿ ಸಲವೂ ಅಮ್ಮ ಎದ್ದು ನಿಂತು ಆ ಪೆನ್ನನ್ನೇ ನೋಡುತ್ತಿದ್ದರು. ಎಲ್ಲಾ ಸರಿ ಇತ್ತು.

ಡ್ರಿಪ್ ಹಾಕಿದರೂ ಒಂದು ವಾರ ಕಳೆದ ಮೇಲೆ, ಸುಮಾರು ಮೂರು ತಿಂಗಳವರೆಗೆ ಬರುವ ಸೋಂಕನ್ನು ಅದು ತಡೆಯುವುದಿಲ್ಲ. ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಮೈ ಜೋತುಬಿದ್ದರೆ, ಉಸಿರಿಗೊಮ್ಮೆ ನರಳಿದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಕಿಟ್ಟಿಗೆ ಐದಕ್ಕೆ ನಾಲ್ಕು ಸ್ಟಾರ್. 35ರಿಂದ 37 ವಾರದ ಒಳಗೆ ಮಾಡಬೇಕು, ಪೋಸ್ಟ್ ತಡವಾಗುತ್ತದೆ, ಹಾಗಾಗಿ 33ಕ್ಕೇ ತರಿಸಿಟ್ಟುಕೊಳ್ಳಿ. ಸೋಮವಾರವೇ ಕಳಿಸಿ. ಈ ಬಸುರಿನಲ್ಲಿ ಮೂತ್ರದಲ್ಲಿ ಜಿಬಿಎಸ್ ಸಿಕ್ಕಿದ್ದರೆ, ಅಥವಾ ಹಿಂದಿನ ಮಗುವಿಗೆ ಸೋಂಕು ಆಗಿದ್ದರೆ ದುಡ್ಡು ಖರ್ಚು ಮಾಡಬೇಡಿ, ಅಂಥವರಿಗೆ ಡ್ರಿಪ್ ಹೇಗೂ ಕೊಡುತ್ತಾರೆ.