ಕೈ ಸುಡಬಾರದು ಅಂತ ಬೀವರ್‌ಟೇಲ್ ತಗೊಂಡೆ, ಕೈ ಸುಟ್ಟುಕೊಂಡೆ

ಹಳೇ ಅಮೆರಿಕನ್ ಡಬಲ್ ಬ್ಯಾರೆಲ್ ಕೋವಿ ಕೊಳ್ಳುವ ಯೋಚನೆ ಇದೆಯಾ? ದುಡ್ಡು ಎಣಿಸುವ ಮುಂಚೆ ಫೋರೆಂಡ್ ಬಿಚ್ಚಿ ನೋಡಿ. ನಾನು ನೋಡಲಿಲ್ಲ.

ಫೋರೆಂಡ್ ಅಂದರೆ ನಳಿಗೆಯ ಕೆಳಗೆ, ಮುಂದಿನ ಕೈ ಹಿಡಿಯುವ ಮರ. ಪಾರ್ಕರ್, ಫಾಕ್ಸ್, ಎಲ್.ಸಿ. ಸ್ಮಿತ್ ಕೋವಿಗಳಲ್ಲಿ ಮಾಮೂಲಿಯಾಗಿ ಬರುತ್ತಿದ್ದದ್ದು ಸ್ಪ್ಲಿಂಟರ್. ಎಷ್ಟು ಸಣ್ಣದು ಅಂದರೆ, ಬೆರಳು ಸುತ್ತುವುದು ನಳಿಗೆಗೇ. ಕಾಡಿನಲ್ಲಿ ದಿನಕ್ಕೆ ನಾಲ್ಕು ತೋಟಾ ಹೊಡೆಯುವವರಿಗೆ ಅದೇ ಚೆಂದ, ಹಗುರ. ಗಾಳಿಗೆ ಎಸೆದ ಬಿಲ್ಲೆಗೆ ಗುರಿ ಇಡುವ ಟ್ರ್ಯಾಪ್ ಆಟದಲ್ಲಿ ಹಾಗಲ್ಲ. ಒಂದು ಸುತ್ತಿಗೆ 25 ಮಣ್ಣಿನ ಬಿಲ್ಲೆ, ನಳಿಗೆ ಕಾದ ಕಾವಲಿ. ಅಂಥವರಿಗಾಗಿ 1920ರ ದಶಕದಲ್ಲಿ ಬೀವರ್‌ಟೇಲ್ ಚಾಲ್ತಿಗೆ ಬಂತು. ಅಗಲವಾಗಿ, ನಳಿಗೆಯ ಎರಡೂ ಪಕ್ಕ ತಬ್ಬಿಕೊಳ್ಳುವ ಮರ. ಕಾರ್ಖಾನೆಯಲ್ಲೇ ಕೂರಿಸಿದ್ದು ಕಡಿಮೆ, ಹಾಗಾಗಿ ಈಗ ಬೆಲೆ ಜಾಸ್ತಿ. ಮೋಸ ನುಸುಳುವುದೂ ಅಲ್ಲೇ.

ಪೆನ್ಸಿಲ್ವೇನಿಯಾದ ಒಂದು ಗನ್ ಶೋನಲ್ಲಿ ಸಿಕ್ಕಿದ್ದು ಪಾರ್ಕರ್‌ನ ವಿಎಚ್ ಮಾದರಿ, 12 ಬೋರ್. 'ಕಾರ್ಖಾನೆಯ ಬೀವರ್‌ಟೇಲ್' ಅಂದ ಮಾರುವವನು. ಆಯುಧ ಪೂಜಿಸುವ ಕೈಲ್‌ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಅನ್ನೋ ಹೂ ಸಿಕ್ಕಿಸುತ್ತಾ ಬೆಳೆದ ಕೊಡಗಿನವನು ನಾನು. ಕೋವಿ ನನಗೆ ಗೊತ್ತಿಲ್ವಾ ಅನ್ನೋ ಜಂಬ. ಕೇಳಿದಷ್ಟು ಕೊಟ್ಟು ತಂದೆ.

ಎರಡನೇ ವಾರ, ರೇಂಜಿನಲ್ಲಿ ಒಂದು ಬಿಲ್ಲೆ ಹೊಡೆದು ಕೋವಿ ಮಡಚಿದೆ. ಟಕ್ ಅಂತ ಸದ್ದು. ಮರ ಕೈಯಲ್ಲೇ ಉಳಿಯಿತು, ಅದರ ಹಿಡಿತ ತಪ್ಪಿದ ನಳಿಗೆ ಕೀಲಿನಿಂದ ಜಾರಿ ಹುಲ್ಲಿಗೆ ಬಿತ್ತು. ಪುಣ್ಯಕ್ಕೆ ತೋಟಾ ಎರಡೂ ಖಾಲಿಯಾಗಿತ್ತು.

ಕೋವಿ ರಿಪೇರಿಯವರು ಐದೇ ನಿಮಿಷದಲ್ಲಿ ತೋರಿಸಿಬಿಟ್ಟರು. ಪಾರ್ಕರ್‌ನಲ್ಲಿ ಫ್ರೇಮಿನ (ನಳಿಗೆ ಕೂರುವ ನಡುವಿನ ಲೋಹದ ಭಾಗದ) ಮೇಲೆ, ನಳಿಗೆಯ ಬುಡದಲ್ಲಿ, ಫೋರೆಂಡಿನ ಕಬ್ಬಿಣದಲ್ಲಿ ಒಂದೇ ನಂಬರ್ ಇರಬೇಕು. ನನ್ನದರಲ್ಲಿ ಮೊದಲೆರಡು ಹೊಂದುತ್ತಿತ್ತು, ಮೂರನೆಯದು ಬೇರೆ ಯಾವುದೋ ಕೋವಿಯದು. ಅರ ಹಾಕಿ ಉಜ್ಜಿ ಉಜ್ಜಿ ಕೂರಿಸಿದ್ದರು. ಕಬ್ಬಿಣಕ್ಕೂ ಫ್ರೇಮಿಗೂ ನಡುವೆ ವಿಸಿಟಿಂಗ್ ಕಾರ್ಡ್ ಸಲೀಸಾಗಿ ತೂರುತ್ತಿತ್ತು. ಭುಜಕ್ಕೆ ಒತ್ತುವ ಹಿಂಬದಿಯ ಮರದಲ್ಲಿ ಹಿಡಿತಕ್ಕೆಂದು ಕೊರೆದ ಚೌಕುಳಿ ಗೀರು ನೂರು ವರ್ಷದ ಅಂಗೈ ಉಜ್ಜಿ ಸವೆದಿದೆ, ಮುಂದಿನದು ಉಗುರಿಗೆ ಚುಚ್ಚುತ್ತದೆ. ಇದನ್ನು ನೋಡಲು ಕಣ್ಣೂ ಬೇಡ, ಬೆರಳು ಸಾಕಿತ್ತು ಅಲ್ವಾ! ಅಗಲ ಮರದ ಅಡಿಯಲ್ಲಿ ನಳಿಗೆಗೆ ತುಕ್ಕು ತಿಂದ ಗುಳಿಗಳೂ ಇದ್ದವು. ಸ್ಪ್ಲಿಂಟರ್ ಇದ್ದಿದ್ದರೆ ಅಂಗಡಿಯಲ್ಲೇ ಕಾಣುತ್ತಿತ್ತು.

ಆಮೇಲೆ ಬದಲಿಸಿದ ಮರ ಅಂತ ಹೇಳಿ ಮಾರಿದರೆ ನನ್ನ ತಕರಾರಿಲ್ಲ, ಹೊಡೆಯಲು ಅದು ಹಿತವಾಗೇ ಇರುತ್ತದೆ. ಬೆಲೆ ಆ ಲೆಕ್ಕಕ್ಕೆ ಇರಲಿ ಅಷ್ಟೇ. ಪಾರ್ಕರ್ ಆದರೆ, ಪಾರ್ಕರ್ ಗನ್ ಕಲೆಕ್ಟರ್ಸ್ ಅಸೋಸಿಯೇಷನ್‌ನವರು ಉಳಿದಿರುವ ಹಳೇ ಆರ್ಡರ್ ಪುಸ್ತಕ ನೋಡಿ ಪತ್ರ ಕೊಡುತ್ತಾರೆ. ನಾನೂ ತರಿಸಿಕೊಂಡೆ, ದುಡ್ಡು ಹೋದ ಮೇಲೆ. ಬೀವರ್‌ಟೇಲ್ ಸುದ್ದಿಯೇ ಅದರಲ್ಲಿಲ್ಲ.

ಮಾರಿದವನಿಗೆ ಫೋನ್ ಮಾಡಿದೆ. 'ಬಿಚ್ಚಿ ನೋಡಬೇಡ ಅಂತ ನಾನು ಹೇಳಿದ್ನಾ?' ಅಂದ.

ಹೇಳಿರಲಿಲ್ಲ. ಈಗ ಒಂದು ಸ್ಪ್ಲಿಂಟರ್ ಹುಡುಕುತ್ತಿದ್ದೇನೆ.